ಕ್ರಕಟೋವದ ಕಾಡನ್ನು ಬೆಳೆಸಿದ್ದು ಯಾರಪ್ಪಾ?

ಈಗಷ್ಟೇ ಒಂದು ರೀಲ್ ನೋಡಿ ತಲೆ ಕೆಟ್ಟಿತು. ಕ್ರಕಟೋವ ದ್ವೀಪದ ಹಸಿರು, ಹಿನ್ನೆಲೆಯಲ್ಲಿ ಕೊಳಲು, ಮೇಲೆ ಬರಹ: ‘ಪ್ರಕೃತಿ ತಾನಾಗೇ ಚೇತರಿಸಿಕೊಂಡಿತು’. ತಾನಾಗೇ ಅಂತೆ! ಪಾಠ ಮಾಡುವ ಚಟ ನನಗಿನ್ನೂ ಬಿಟ್ಟಿಲ್ಲ ಅಂತ ನಿಮಗೆ ಗೊತ್ತೇ ಇದೆ, ಸಹಿಸಿಕೊಳ್ಳಿ.

1883ರ ಆಗಸ್ಟ್‌ನಲ್ಲಿ ಜ್ವಾಲಾಮುಖಿ ಸಿಡಿದು, ಇಂಡೋನೇಷ್ಯಾದ ಜಾವಾ, ಸುಮಾತ್ರಾ ನಡುವಿನ ಆ ದ್ವೀಪದ ಬಹುಪಾಲು ಸಮುದ್ರಕ್ಕೆ ಕುಸಿಯಿತು. ಉಳಿದ ರಕಾಟಾ ತುಂಡಿನ ಮೇಲೆ ಸುಡುಬೂದಿ. ಒಂಬತ್ತು ತಿಂಗಳ ನಂತರ ಹೋಗಿ ಹುಡುಕಿದವರಿಗೆ ಸಿಕ್ಕಿದ್ದು ಒಂದೇ ಒಂದು ಪುಟ್ಟ ಜೇಡ. ಅಲ್ಲಿಂದ ಐವತ್ತು ವರ್ಷ ತುಂಬುವಷ್ಟರಲ್ಲಿ ಒಳಗೆಲ್ಲ ಕಾಡು ಕವಿದಿತ್ತು.

‘ಮೊದಲು ಬಂದಿದ್ದು ಗಾಳಿಯಲ್ಲಿ, ನೀರಲ್ಲಿ ತಾನೇ ಸಾರ್’ ಅಂತ ಯಾರಾದರೂ ಕೇಳೇ ಕೇಳ್ತೀರಿ. ಹೌದಪ್ಪಾ. ಜರೀಗಿಡ, ಹುಲ್ಲು ಗಾಳಿಯಲ್ಲಿ ಬಂದವು. ಸರ್ವೆ, ಕಾಡುಬಾದಾಮಿ ಬಂದು ದಂಡೆಯಲ್ಲಿ ನಿಂತವು. ಆದರೆ ಅತ್ತಿಹಣ್ಣಿಗೆ ರೆಕ್ಕೆ ಇದೆಯಾ? ಈಜು ಬರುತ್ತಾ? ಕ್ರಕಟೋವ ಗುಂಪಿನ ದ್ವೀಪಗಳಲ್ಲಿ ಈಗ 20ಕ್ಕೂ ಹೆಚ್ಚು ಜಾತಿಯ ಅತ್ತಿ, ಆಲದ ಬಳಗವಿದೆ. ಎಲ್ಲ ಪಿಕಳಾರ, ಪಾರಿವಾಳ, ಬಾವಲಿಗಳ ಹೊಟ್ಟೆಯಲ್ಲಿ ಬಂದದ್ದು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹಿಕ್ಕೆಯಲ್ಲಿ. ಒಂದು ಅತ್ತಿ ಹಣ್ಣು ಬಿಟ್ಟರೆ ಮತ್ತಷ್ಟು ಹಕ್ಕಿ ಬರುತ್ತವೆ, ಬಂದವು ಕೊಂಬೆ ಮೇಲೆ ಕೂತು ಬೇರೆ ಬೀಜ ಉದುರಿಸುತ್ತವೆ, ಬುಡದ ನೆರಳಲ್ಲಿ ಅವು ಮೊಳೆಯುತ್ತವೆ. ಅತ್ತಿಯ ಪರಾಗಕ್ಕೆ ಅದರದೇ ಆದ ಸಣ್ಣ ಕಣಜ ಬೇಕು, ಅದೂ ಸಮುದ್ರ ದಾಟಿ ಬರಬೇಕು. ಬಂತು! ಇಷ್ಟು ಜನ ದುಡಿದಿದ್ದಾರೆ, ಹೆಸರು ಮಾತ್ರ ‘ಪ್ರಕೃತಿ’ಗೆ.

ಬಾವಲಿ ಕಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಇಲ್ಲಿ ಜಾಸ್ತಿ ಮಾರ್ಕ್ಸ್ ಅದಕ್ಕೇ ಕೊಡಬೇಕು. ಪಿಕಳಾರದ ಹೊಟ್ಟೆಯಲ್ಲಿ ಹಣ್ಣು ಬಹಳ ಹೊತ್ತು ಕೂರುವುದಿಲ್ಲ, ಹಾರುತ್ತಾ ಹಾರುತ್ತಾ ಕಡಲಿಗೇ ಬಿದ್ದುಹೋಗಬಹುದು. ಹಣ್ಣು ತಿನ್ನುವ ಕೆಲವು ಬಾವಲಿಗಳು 12 ಗಂಟೆಗೂ ಹೆಚ್ಚು ಹೊತ್ತು ಅತ್ತಿಬೀಜವನ್ನು ಜೀವಂತವಾಗಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಲ್ಲವು ಅಂತ 1999ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ರಾತ್ರಿ ಆಚೆ ದಂಡೆಯಲ್ಲಿ ಊಟ, ಬೆಳಗ್ಗೆ ಈಚೆ ದ್ವೀಪದಲ್ಲಿ ಬಿತ್ತನೆ. ಕೂಲಿ ಇಲ್ಲ, ಬ್ಯಾನರ್ ಇಲ್ಲ, ಸಸಿ ಜೊತೆ ಫೋಟೊ ಅಂತೂ ಇಲ್ಲವೇ ಇಲ್ಲ.

ನಮ್ಮ ಬೀದಿಯಲ್ಲಿ ಕಾರಿನ ಮೇಲೆ ಹಿಕ್ಕೆ ಬೀಳುತ್ತೆ ಅಂತ ಗೋಣಿಮರದ ಕೊಂಬೆ ಕಡಿಸಿದವರೇ ಆ ರೀಲಿಗೆ ಕೈಮುಗಿದ ಇಮೋಜಿ ಹಾಕಿದ್ದಾರೆ. ಇರಲಿ ಬಿಡಿ.

ತಾನಾಗೇ ಬೆಳೆಯುತ್ತೆ ಅನ್ನುವವರಿಗೆ ಒಂದೇ ಪ್ರಶ್ನೆ. ಸುಮಾತ್ರಾದ ತಗ್ಗಿನ ಕಾಡುಗಳ ದೈತ್ಯ ಮರಗಳೆಂದರೆ ಡಿಪ್ಟೆರೋಕಾರ್ಪ್ ಬಳಗದವು, ನಮ್ಮ ಧೂಪದ ಮರದ ನೆಂಟರು. ಅವುಗಳ ಬೀಜ ದಪ್ಪ, ಗಾಳಿಯಲ್ಲಿ ದೂರ ಹೋಗದು, ಉಪ್ಪುನೀರಲ್ಲಿ ಬಾಳದು, ಈ ಸಣ್ಣ ಹಕ್ಕಿಗಳ ಗಂಟಲಲ್ಲಿ ಇಳಿಯದು. ಒಂದು ಶತಮಾನ ಕಳೆದ ಮೇಲೂ ಅವು ಕ್ರಕಟೋವದಲ್ಲಿ ಕಾಣಿಸಲಿಲ್ಲ. ತಾನಾಗೇ ಬರೋದಾದ್ರೆ ಅಷ್ಟೊತ್ತಿಗೆ ಬರಬೇಕಿತ್ತು, ಅಲ್ವಾ?