ಕ್ಲಾಸಿನ ‘ಮಾರುಕಟ್ಟೆ ಆಟ’: ಒಂದು ಸ್ಪಷ್ಟನೆ

‘ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಪಾಠ ಬಿಟ್ಟು ಸುಮ್ನೆ ಆಟ ಆಡಿಸುತ್ತಾರೆ, ಜಾಸ್ತಿ ಲಾಭ ಮಾಡಿದವರಿಗೆ ಜಾಸ್ತಿ ಅಂಕ’ ಎಂಬ ಮೆಸೇಜ್ ಧಾರವಾಡದ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ಆ ಆಟವೇ ಪಾಠ. ಹೊಸದೂ ಅಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಚೇಂಬರ್ಲಿನ್ ತಮ್ಮ ಕ್ಲಾಸಿನ ಇಂಥ ಪ್ರಯೋಗದ ಬಗ್ಗೆ 1948ರಲ್ಲೇ ಬರೆದರು. ಅವರ ವಿದ್ಯಾರ್ಥಿ ವರ್ನನ್ ಸ್ಮಿತ್ ಅದನ್ನು ತಿದ್ದಿ ಬೆಳೆಸಿದರು, 2002ರಲ್ಲಿ ನೊಬೆಲ್ ಪಡೆದರು.

ಅರ್ಧ ಕ್ಲಾಸು ಬ್ಯಾಡಗಿ ಮೆಣಸಿನಕಾಯಿ ಮಾರುವವರು, ಉಳಿದರ್ಧ ಕೊಳ್ಳುವವರು ಅಂದುಕೊಳ್ಳಿ. ಪ್ರತಿಯೊಬ್ಬರ ಚೀಟಿಯಲ್ಲೂ ಒಂದು ಗುಟ್ಟಿನ ಬೆಲೆ. ಮಾರುವವರು ಅದಕ್ಕಿಂತ ಕೆಳಗಿಳಿಯಬಾರದು, ಕೊಳ್ಳುವವರು ಮೇಲೇರಬಾರದು. ಎಲ್ಲರಿಗೂ ಕೇಳುವಂತೆ ದರ ಕೂಗುತ್ತಾ ಹೋದರೆ, ಕೆಲವೇ ಸುತ್ತುಗಳಲ್ಲಿ ವ್ಯಾಪಾರದ ದರ ಪುಸ್ತಕದ ಸಮತೋಲನ ಬೆಲೆಯ, ಅಂದರೆ ಮಾರಲು ಸಿದ್ಧವಿರುವಷ್ಟೇ ಸರಕನ್ನು ಕೊಳ್ಳುವವರೂ ಬಯಸುವ ಬೆಲೆಯ, ಹತ್ತಿರ ಬರುತ್ತದೆ. ಯಾರೂ ಹೇಳಿಕೊಡದೆ!

ಲಾಭ ನಿಂತಿರುವುದು ಕೈಗೆ ಸಿಕ್ಕ ಚೀಟಿಯ ಮೇಲೆ. ಅದಕ್ಕೆ ಅಂಕ ಕೊಟ್ಟರೆ ಅನ್ಯಾಯ ಅಲ್ವಾ? ನಮ್ಮಲ್ಲಿ ಅಂಕ ಕೊಡುವುದು, ದರ ಅಲ್ಲೇ ಯಾಕೆ ನಿಂತಿತು ಎಂದು ನೀವು ಬರೆಯುವ ವಿವರಣೆಗೆ ಮಾತ್ರ.