ಪೈ ಚಾರ್ಟ್ ಆರಿಸುವ ಮೊದಲು

ಎಕ್ಸೆಲ್‌ನಲ್ಲಿ ಅಂಕಿ ತುಂಬಿಸಿ, ಕಣ್ಣಿಗೆ ಚೆಂದ ಕಂಡ ಪೈ ಚಾರ್ಟ್ ಒತ್ತಿ, ಹಾಗೇ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಒಯ್ಯುವ ರೂಢಿ ನಮ್ಮ ಬೆಂಗಳೂರಿನಲ್ಲಿ ಬಲವಾಗಿ ಬೇರೂರಿದೆ. ಇದು ಹೋಗಬೇಕು. ಹನ್ನೆರಡು ತಿಂಗಳ ಟ್ಯಾಂಕರ್ ನೀರಿನ ಖರ್ಚನ್ನು ಹನ್ನೆರಡು ಹೋಳು ಮಾಡಿಟ್ಟರೆ, ಮಾರ್ಚ್‌ಗಿಂತ ಏಪ್ರಿಲ್ ಹೆಚ್ಚೋ ಕಡಿಮೆಯೋ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಅಂಕಿಯನ್ನು ಗೆರೆ ನಕ್ಷೆ ಮಾಡಿದರೆ ಬೇಸಿಗೆಯ ಏರು ಒಂದೇ ನೋಟಕ್ಕೆ ಸಿಗುತ್ತದೆ. ಕಾಲದ ಜೊತೆ ಏನಾಯಿತು ಎಂದು ಕೇಳಿದರೆ ಗೆರೆ, ಯಾವುದು ಹೆಚ್ಚು ಎಂದರೆ ಸ್ತಂಭ, ಪೂರ್ತಿಯಲ್ಲಿ ಎಷ್ಟು ಪಾಲು ಎಂದರೆ ಪೈ, ಅಂಕಿಗಳು ಹೇಗೆ ಹರಡಿವೆ ಎಂದರೆ ಹಿಸ್ಟೋಗ್ರಾಮ್. ಮೊದಲು ಪ್ರಶ್ನೆ ಬರೆದುಕೊಳ್ಳಿ, ಗ್ರಾಫ್ ಆಮೇಲೆ.

ಪೈ ಬೇಕೇ ಬೇಕು ಎಂದರೆ ಮೂರು-ನಾಲ್ಕು ಹೋಳು ಸಾಕು. ಶೇಕಡ ಒಂದಕ್ಕೆ 3.6 ಡಿಗ್ರಿ. ತಿಂಗಳ 40,000 ರೂಪಾಯಿ ಖರ್ಚಿನಲ್ಲಿ ಬಾಡಿಗೆ 16,000 ಎಂದರೆ ಶೇ. 40, ಅಂದರೆ 144 ಡಿಗ್ರಿ. ಕೋನಮಾಪಕ ಇಟ್ಟು ಕೈಯಲ್ಲಿ ಎಳೆಯುವವರು ದೊಡ್ಡ ಹೋಳಿನಿಂದ ಶುರು ಮಾಡಿ, ಕೊನೆಯದನ್ನು ಅಳೆದು ತಾಳೆ ನೋಡಬೇಕು. ಒಂದೊಂದು ಹೋಳಿನಲ್ಲಿ ಅರ್ಧರ್ಧ ಡಿಗ್ರಿ ತಪ್ಪಿದ್ದೆಲ್ಲ ಬಂದು ಕೂರುವುದು ಅಲ್ಲೇ. ತ್ರೀಡಿ ಪೈ ಮಾತ್ರ ಖಂಡಿತ ಬೇಡ. ಓರೆಯಾಗಿಸಿದಾಗ ಮುಂದಿನ ಹೋಳಿನ ಅಂಚಿನ ದಪ್ಪವೂ ಕಣ್ಣಿನ ಲೆಕ್ಕಕ್ಕೆ ಸೇರಿ, ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೋನಕ್ಕಿಂತ, ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಹೆಚ್ಚು ಸರಿಯಾಗಿ ಅಳೆಯುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞರಾದ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅನುಮಾನ ಇದ್ದಾಗ ಸ್ತಂಭ ನಕ್ಷೆಗೆ ಹೋಗಿ ಎನ್ನುವುದು ಇದಕ್ಕೇ.

ಸ್ತಂಭದ ಬುಡ ಸೊನ್ನೆಯಲ್ಲೇ ಇರಬೇಕು. ಅಲ್ಲಿ ಕಣ್ಣು ಓದುವುದು ಉದ್ದವನ್ನು. ಒಂದು ಶಾಲೆಯ ಫಲಿತಾಂಶ ಶೇ. 92, ಇನ್ನೊಂದರದ್ದು ಶೇ. 95 ಎಂದಿಟ್ಟುಕೊಳ್ಳಿ. ಅಕ್ಷವನ್ನು 90ರಿಂದ ಶುರು ಮಾಡಿದರೆ ಎರಡನೆಯ ಸ್ತಂಭ ಮೊದಲನೆಯದರ ಎರಡೂವರೆ ಪಟ್ಟು ನಿಲ್ಲುತ್ತದೆ! ಗೆರೆ ನಕ್ಷೆಗೆ ಈ ಕಟ್ಟುಪಾಡಿಲ್ಲ, ಅಲ್ಲಿ ನೋಡುವುದು ಏರಿಳಿತವನ್ನು.

ಕನ್ನಡದಲ್ಲಿ ಗ್ರಾಫ್ ಮಾಡುವವರಿಗೆ ಇನ್ನೊಂದು ಮಾತು. ರಾಜರಾಜೇಶ್ವರಿನಗರ, ಕೃಷ್ಣರಾಜಪುರ, ಬ್ಯಾಟರಾಯನಪುರ ಇಂಥ ಹೆಸರುಗಳು ಸ್ತಂಭದ ಕೆಳಗೆ ಹಿಡಿಸುವುದಿಲ್ಲ. ಎಕ್ಸೆಲ್ ಅವನ್ನು ಓರೆ ಮಾಡುತ್ತದೆ, ಒತ್ತಕ್ಷರ ಓದಲು ಕತ್ತು ವಾಲಿಸಬೇಕು. ಸ್ತಂಭಗಳನ್ನು ಅಡ್ಡ ಮಲಗಿಸಿ, ಹೆಸರುಗಳನ್ನು ಎಡಕ್ಕೆ ಬರೆದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅಕ್ಷರ ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಹೆಸರು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಒಡೆದುಹೋಗುತ್ತದೆ.

ಗೆರೆ ನಕ್ಷೆಗೆ ನಮ್ಮ ಊರಿನ ಜನಸಂಖ್ಯೆಯನ್ನೇ ತೆಗೆದುಕೊಳ್ಳಿ. ಜನಗಣತಿಯ ಪ್ರಕಾರ 1971ರಲ್ಲಿ ಸುಮಾರು 16.5 ಲಕ್ಷ, 1981ರಲ್ಲಿ 29, 1991ರಲ್ಲಿ 41, 2001ರಲ್ಲಿ 57, 2011ರಲ್ಲಿ 85 ಲಕ್ಷ. ಎರಡು ಕಾಲಮ್ ತುಂಬಿ ಲೈನ್ ಚಾರ್ಟ್ ಒತ್ತಿದರೆ ಎಕ್ಸೆಲ್ ವರ್ಷವನ್ನೂ ಒಂದು ಅಂಕಿ ಎಂದುಕೊಂಡು ಮೇಲೆ 2000ದ ಹತ್ತಿರ ಒಂದು ಗೆರೆ ಎಳೆಯುತ್ತದೆ, ಜನಸಂಖ್ಯೆಯ ಗೆರೆ ತಳಕ್ಕೆ ಅಂಟಿಕೊಳ್ಳುತ್ತದೆ. ಸ್ಕ್ಯಾಟರ್ ಚಾರ್ಟ್‌ನಲ್ಲಿ ಗೆರೆ ಸೇರಿಸಿದ ಬಗೆಯನ್ನು ಆರಿಸಿದರೆ ಈ ತೊಂದರೆ ಇಲ್ಲ, ವರ್ಷಗಳ ನಡುವಿನ ಅಂತರವೂ ಇದ್ದ ಹಾಗೆ ಬರುತ್ತದೆ. ಈಗ ನೋಡಿ: ಮಾಮೂಲಿ ಅಕ್ಷದಲ್ಲಿ 2001–2011ರ ಏರು ಎಲ್ಲಕ್ಕಿಂತ ಕಡಿದು, 28 ಲಕ್ಷ. ಅಕ್ಷವನ್ನು ಲಾಗ್ ಸ್ಕೇಲ್‌ಗೆ, ಅಂದರೆ ಒಂದೇ ಶೇಕಡಾ ಏರಿಕೆ ಎಲ್ಲೆಡೆ ಒಂದೇ ಎತ್ತರವಾಗಿ ಕಾಣುವ ಅಳತೆಗೆ, ಬದಲಿಸಿದರೆ ಕಡಿದಾಗಿ ಕಾಣುವುದು 1971–1981, ಏಕೆಂದರೆ ಆ ದಶಕದ ಬೆಳವಣಿಗೆ ಸುಮಾರು ಶೇ. 75, ಕೊನೆಯ ದಶಕದ್ದು ಶೇ. 49ರ ಆಸುಪಾಸು. ಎರಡೂ ನಿಜ. ಎಷ್ಟು ಮನೆಗಳಿಗೆ ನೀರು ಬೇಕು ಎಂಬ ಚರ್ಚೆಗೆ ಮೊದಲನೆಯದು, ಊರು ಎಷ್ಟು ವೇಗವಾಗಿ ಬೆಳೆಯಿತು ಎಂಬುದಕ್ಕೆ ಎರಡನೆಯದು. ಊರಿನ ಗಡಿಯೂ ಈ ನಡುವೆ ಹಿಗ್ಗಿದೆ ಎಂದು ನಕ್ಷೆಯ ಕೆಳಗೆ ಒಂದು ಸಾಲು ಬರೆಯಲೇಬೇಕು.

ಅತಿ ಹೆಚ್ಚು ತಪ್ಪಾಗುವುದು ಹಿಸ್ಟೋಗ್ರಾಮ್‌ನಲ್ಲಿ. 200 ಜನ ಕೆಲಸಕ್ಕೆ ಹೋಗಲು ತೆಗೆದುಕೊಳ್ಳುವ ಸಮಯ, ಬರಿ ಉದಾಹರಣೆಗೆ, ಹೀಗಿರಲಿ: 0–10 ನಿಮಿಷ 12 ಜನ, 10–20 ನಿಮಿಷ 30, 20–30 ನಿಮಿಷ 38, 30–60 ನಿಮಿಷ 90, 60–120 ನಿಮಿಷ 30. ಆವೃತ್ತಿಯನ್ನೇ, ಅಂದರೆ ಆಯಾ ಗುಂಪಿನ ಜನರ ಸಂಖ್ಯೆಯನ್ನೇ, ಎತ್ತರ ಮಾಡಿದರೆ 30–60ರ ಆಯತ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ: 90 ಎತ್ತರ, ಮೂರು ಪಟ್ಟು ಅಗಲ. ಇದು ತಪ್ಪು. ಹಿಸ್ಟೋಗ್ರಾಮ್‌ನಲ್ಲಿ ಜನರನ್ನು ಹೇಳಬೇಕಾದದ್ದು ಆಯತದ ವಿಸ್ತೀರ್ಣ, ಎತ್ತರವಲ್ಲ. ವರ್ಗಾಂತರ, ಅಂದರೆ ಒಂದೊಂದು ಗುಂಪಿನ ಅಗಲ, ಒಂದೇ ಇಲ್ಲದಾಗ ಪ್ರತಿ 10 ನಿಮಿಷಕ್ಕೆ ಎಷ್ಟು ಜನ ಎಂದು ಭಾಗಿಸಿ. ಆಗ ಎತ್ತರಗಳು 12, 30, 38, 30, 5. ಶಿಖರ ಇರುವುದು 20–30ರಲ್ಲಿ! ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 1 ಸೆಂ.ಮೀ.ಗೆ 10 ನಿಮಿಷ, ಉದ್ದಕ್ಕೆ 1 ಸೆಂ.ಮೀ.ಗೆ 5 ಜನ ಇಟ್ಟರೆ ಎತ್ತರದ ಆಯತ 7.6 ಸೆಂ.ಮೀ., ಹಾಯಾಗಿ ಕೂರುತ್ತದೆ. ಆಯತಗಳ ನಡುವೆ ಸಂದು ಬಿಡಬೇಡಿ; ಸಂದು ಬಿಡುವುದು ಸ್ತಂಭ ನಕ್ಷೆಯಲ್ಲಿ.

ಅದೇ ಅಂಕಿಗೆ ಕಡಿಮೆ ವಿಧಾನದ ಓಜೀವ್ (ಇಷ್ಟು ನಿಮಿಷಕ್ಕಿಂತ ಕಡಿಮೆ ತೆಗೆದುಕೊಳ್ಳುವವರು ಒಟ್ಟು ಎಷ್ಟು ಎಂದು ತೋರಿಸುವ ರೇಖೆ) ಎಳೆಯುವಾಗ ಭಾಗಿಸುವ ಕೆಲಸವೇ ಇಲ್ಲ. ಸಂಚಿತ ಆವೃತ್ತಿ, ಅಂದರೆ ಕೂಡಿಸುತ್ತ ಹೋದ ಮೊತ್ತ, 12, 42, 80, 170, 200. ಬಿಂದುವನ್ನು ವರ್ಗದ ಮೇಲ್ಮಿತಿಯ ಮೇಲೆ ಇಡಬೇಕು: (10, 12), (20, 42), (30, 80), (60, 170), (120, 200). ಮಕ್ಕಳು ಆವೃತ್ತಿ ಬಹುಭುಜದ ಅಭ್ಯಾಸದಲ್ಲಿ ಮಧ್ಯಬಿಂದುವಿಗೆ ಇಡುತ್ತಾರೆ, ಆಗ ಇಡೀ ರೇಖೆ ಎಡಕ್ಕೆ ಜರುಗಿ ಮಧ್ಯಾಂಕ (ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಹೆಚ್ಚು ಇರುವ ಅಂಕಿ) ಕೆಡುತ್ತದೆ. ಸರಿಯಾಗಿ ಎಳೆದು ಬಿಂದುಗಳನ್ನು ನೇರ ಗೆರೆಯಿಂದ ಸೇರಿಸಿ, 200ರ ಅರ್ಧವಾದ 100ರಿಂದ ಅಡ್ಡಗೆರೆ ಹಾಯಿಸಿ, ತಾಗಿದಲ್ಲಿಂದ ಕೆಳಗಿಳಿಸಿದರೆ ಸುಮಾರು 36.7 ನಿಮಿಷ ಸಿಗುತ್ತದೆ.

ಎಕ್ಸೆಲ್‌ನ ಸಿದ್ಧ ಹಿಸ್ಟೋಗ್ರಾಮ್ ಒಂದೇ ಅಗಲದ ವರ್ಗಗಳನ್ನಷ್ಟೇ ಮಾಡುತ್ತದೆ. 30–60 ಎಂದು ಒಮ್ಮೆ ಗುಂಪು ಮಾಡಿದ 90 ಜನರನ್ನು ಹತ್ತು ಹತ್ತು ನಿಮಿಷಕ್ಕೆ ಮತ್ತೆ ಬಿಡಿಸಲು ಯಾವ ಸಾಫ್ಟ್‌ವೇರಿನಿಂದಲೂ ಆಗದು. ಹಾಗಾಗಿ ಸಮೀಕ್ಷೆಯ ಫಾರಂನಲ್ಲಿ ಟಿಕ್ ಹಾಕುವ ಚೌಕ ಕೊಡಬೇಡಿ, ನಿಮಿಷ ಬರೆಯಲು ಖಾಲಿ ಜಾಗ ಬಿಡಿ.