ಅದು ರಾಯರ ಜಾಗ

ಎಡಗಾಲಿನ ಶೂ ದಾರ ಬಿಚ್ಚಿಕೊಳ್ಳದೇ ಇದ್ದಿದ್ದರೆ ನನಗೂ ಆ ಬೆಂಚಿಗೂ ಸಂಬಂಧವೇ ಬರುತ್ತಿರಲಿಲ್ಲ. ಲಾಲ್‌ಬಾಗಿಗೆ ನಾನು ಹೋಗುವುದು ಡಾಕ್ಟರು ಹೇಳಿದ್ದಾರೆ ಅಂತ, ಗಿಡಮರಗಳ ಮೇಲಿನ ಪ್ರೀತಿಯಿಂದೇನೂ ಅಲ್ಲ. ನಿಂತಲ್ಲೇ ಬಗ್ಗಿ ದಾರ ಕಟ್ಟುವ ವಯಸ್ಸು ದಾಟಿದೆ. ಎಲ್ಲಾದರೂ ಕೂತು, ಕಾಲ ಮೇಲೆ ಕಾಲು ಹಾಕಿಕೊಂಡು, ಉಸಿರು ಬಿಗಿಹಿಡಿದು ಕಟ್ಟಬೇಕು. ಕೆರೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಬೆಂಚು ಕಂಡಿತು. ಐದು ಜನ ಕೂರಬಹುದಾದದ್ದು, ನಾಲ್ವರು ಹಿರಿಯರು ಕೂತಿದ್ದರು. ಬಲತುದಿ ಖಾಲಿ. ಅಲ್ಲಿ ನಾಲ್ಕಾಗಿ ಮಡಿಸಿದ ಪೇಪರೊಂದು ಬಿದ್ದಿತ್ತು. ಅದನ್ನೆತ್ತಿ ಇನ್ನೇನು ಕೂರಬೇಕು ಅನ್ನುವಷ್ಟರಲ್ಲಿ ಮಂಕಿಕ್ಯಾಪ್ ಹಾಕಿದ್ದವರು, “ಅದು ರಾಯರ ಜಾಗ” ಅಂದರು.

ಗದರಿದ್ದಲ್ಲ. ಗೋಡೆಗೆ ಈಗಷ್ಟೇ ಬಣ್ಣ ಹೊಡೆದಿದೆ, ಒರಗಬೇಡಿ ಅಂತ ದಾರಿಹೋಕರಿಗೆ ಹೇಳುತ್ತಾರಲ್ಲ, ಆ ಧಾಟಿ. ನನ್ನ ಒಳ್ಳೆಯದಕ್ಕೇ ಹೇಳಿದ ಹಾಗಿತ್ತು.

“ಬರ್ತಿದ್ದಾರಾ?” ಅಂತ ಆಚೀಚೆ ನೋಡಿದೆ.

“ಬರ್ತಾರೆ. ಮಗನ ಮನೆಗೆ ಅಂತ ಡಲ್ಲಾಸ್‌ಗೆ ಹೋಗಿದ್ದಾರೆ. ದೀಪಾವಳಿ ಹೊತ್ತಿಗೆ ಬಂದ್ಬಿಡ್ತಾರೆ.”

ಆಗಿನ್ನೂ ಆಷಾಢ.

ಪೇಪರನ್ನು ಇದ್ದ ಜಾಗದಲ್ಲೇ, ಇದ್ದ ಮಡಿಕೆಯಲ್ಲೇ ಇಟ್ಟೆ. ಬೆಂಚಿನ ಕಾಲಿಗೆ ನನ್ನ ಕಾಲು ಆನಿಸಿ, ಕೊಕ್ಕರೆಯ ಹಾಗೆ ನಿಂತು ದಾರಕ್ಕೆ ಕೈ ಹಾಕಿದೆ. ಅಷ್ಟು ಹೊತ್ತು ಅವರ ಮಾತು ನನ್ನ ತಲೆಯ ಮೇಲೆಯೇ ನಡೆಯುತ್ತಿತ್ತು. ನೀಲಿ ಸ್ವೆಟರಿನವರೊಬ್ಬರು, “ಈ ಗಾಜಿನಮನೆ ಇದೆಯಲ್ಲ, ಇದು ಟಿಪ್ಪು ಕಟ್ಟಿಸಿದ್ದು” ಅಂದರು. ಉಳಿದ ಮೂವರೂ ಹೂಂ ಅಂದರು. ನನಗೆ ಒಂದು ರೋಗವಿದೆ, ಡಾಕ್ಟರಿಗೆ ಹೇಳಿಲ್ಲ. ಬಾಯಿ ತಾನೇ ತೆರೆದುಕೊಂಡಿತು. “ಅಲ್ಲ ಸಾರ್, ತೋಟ ಶುರು ಮಾಡಿದ್ದು ಹೈದರಾಲಿ, 1760ರಲ್ಲಿ. ಟಿಪ್ಪು ಬೆಳೆಸಿದ. ಗಾಜಿನಮನೆ ಅವರಿಬ್ಬರೂ ಹೋಗಿ ಎಷ್ಟೋ ಕಾಲದ ಮೇಲಿನದು. 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬಂದಿದ್ದಾಗ ಅಡಿಗಲ್ಲು ಹಾಕಿದ್ದು.”

ಯಾರೂ ಮಾತಾಡಲಿಲ್ಲ. ಅಲ್ಲ ಅಂತಲೂ ಇಲ್ಲ, ಹೌದಾ ಅಂತಲೂ ಇಲ್ಲ. ಮದುವೆ ಪಂಕ್ತಿಯಲ್ಲಿ ಬಡಿಸುವ ಮೊದಲೇ ಯಾರೋ ಉಣ್ಣಲು ಶುರು ಮಾಡಿದರೆ ಪಕ್ಕದವರು ಎಲೆ ನೋಡುತ್ತಾ ಕೂರುತ್ತಾರಲ್ಲ, ಹಾಗೆ ನಾಲ್ವರೂ ಕೆರೆ ನೋಡುತ್ತಾ ಕೂತರು. ಕೊನೆಗೆ ಮಂಕಿಕ್ಯಾಪಿನವರು, “ಅಂದ ಹಾಗೆ ಡಿಎ ಅರಿಯರ್ಸ್ ಏನಾಯ್ತ್ರೀ?” ಅಂತ ಮಾತು ತಿರುಗಿಸಿದರು. ನಾನು ಹೊರಟೆ. ದಾರ ಸರಿಯಾಗಿ ಕಟ್ಟಿರಲೂ ಇಲ್ಲ.

ಲಾಲ್‌ಬಾಗಿನ ಮಧ್ಯೆ ಒಂದು ದೊಡ್ಡ ಬಂಡೆ ಇದೆ, ಮೇಲೆ ಕೆಂಪೇಗೌಡರ ಗೋಪುರ. ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು ಅಂತ ಅಲ್ಲೇ ಬೋರ್ಡು ಹಾಕಿದ್ದಾರೆ. ಭೂವಿಜ್ಞಾನದವರು ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿ, ಅದಕ್ಕೊಂದು ಹೆಸರಿಟ್ಟು, ದೂರದಿಂದ ಬಂದು ಮುಟ್ಟಿ ನೋಡಿ ಹೋಗುತ್ತಾರೆ. ಸುತ್ತ 240 ಎಕರೆ ತೋಟ. ಇಷ್ಟರ ನಡುವೆ ಒಂದೂವರೆ ಅಡಿ ಸಿಮೆಂಟು ರಾಯರದ್ದು. ಬಂಡೆಯ ಮೇಲೆ ಕೂತು ಇದನ್ನು ಯೋಚಿಸಿ ನಗು ಬಂತು ಅಂತ ಬರೆದರೆ ಚೆನ್ನಾಗಿರುತ್ತದೆ. ಬಂದದ್ದು ಸಿಟ್ಟು.

ಬೆಂಚಿನ ಬೆನ್ನ ಮೇಲೆ ಇಂಥವರ ಜ್ಞಾಪಕಾರ್ಥ ಅಂತ ಹೆಸರು ಕೆತ್ತಿಸಿರುತ್ತಾರಲ್ಲ, ಅದು ಬೇರೆ ಸಂಗತಿ. ಆ ಹೆಸರಿನವರು ಯಾವತ್ತೂ ಬಂದು ಏಳಿ ಅನ್ನುವುದಿಲ್ಲ. ಪಾಪ, ದುಡ್ಡು ಕೊಟ್ಟವರು ಅವರ ಮನೆಯವರು. ರಾಯರು ಕೊಟ್ಟದ್ದೇನು? ದಿನಾ ಬಂದದ್ದು, ಅಷ್ಟೇ. ಹತ್ತು ವರ್ಷ ಒಂದೇ ಕಡೆ ಕೂತರೆ ಜಾಗ ನಮ್ಮದಾಗುತ್ತದೆ ಅನ್ನುವುದು ಬೆಂಗಳೂರಿನಲ್ಲಿ ಸೈಟು ಒತ್ತುವರಿ ಮಾಡುವವರ ನಂಬಿಕೆಯೂ ಹೌದು. ಅವರಾದರೂ ಕಾಂಪೌಂಡ್ ಹಾಕುವ ಖರ್ಚು ಮಾಡುತ್ತಾರೆ.

ಇನ್ನು ಟವೆಲ್ಲಿನ ವಿಷಯ. ಇದನ್ನು ಹೇಳದೆ ಮುಂದೆ ಹೋಗಲಾರೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ, 1974ರ ಸುಮಾರಿಗೆ, ನನ್ನ ಸೋದರಮಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಮಾವನಿಗೆ ಊರಲ್ಲಿ ಹೆಸರಿದ್ದದ್ದು ಕೊಬ್ಬರಿಯಿಂದಲ್ಲ, ಟವೆಲ್ ಎಸೆತದಿಂದ. ಶಿವಮೊಗ್ಗದ ಕಡೆಯ ಬಸ್ಸು ಬೆಂಗಳೂರಿನಿಂದಲೇ ಅರ್ಧ ತುಂಬಿಕೊಂಡು ಬರುತ್ತಿತ್ತು. ಸ್ಟ್ಯಾಂಡಿಗೆ ತಿರುಗುವಾಗಲೇ ಜನ ಅದರ ಜತೆ ಓಡಲು ಶುರು. ಕಿಟಕಿಯಿಂದ ಕರ್ಚೀಫು, ಕೊಡೆ, ಬ್ಯಾಗು, ಒಮ್ಮೊಮ್ಮೆ ಸಣ್ಣ ಮಕ್ಕಳನ್ನೂ ತೂರಿಸಿ ಸೀಟು ಹಿಡಿಯುವುದು. ಮಾವ ಓಡುತ್ತಿರಲಿಲ್ಲ. ಕೆಂಪಂಚಿನ ಟವೆಲ್ಲಿನ ಒಂದು ತುದಿಗೆ ಗಂಟು ಹಾಕಿ, ನಿಂತಲ್ಲಿಂದಲೇ ಬೀಸಿದರೆ ಅದು ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟಿನ ಮೇಲೆ ಹರಡಿಕೊಂಡೇ ಬೀಳಬೇಕು. ಬಿತ್ತೋ, ಸಬ್‌ರಿಜಿಸ್ಟ್ರಾರ್ ಆಫೀಸಿನ ಮೊಹರು ಬಿದ್ದ ಹಾಗೆ. ಆಮೇಲೆ ಬಾಗಿಲ ಬಳಿ ಗುದ್ದಾಡುವ ಜನರನ್ನು ಒಂದು ಸಲ ಕನಿಕರದಿಂದ ನೋಡಿ, ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು, ಬಾಯಿ ಮುಕ್ಕಳಿಸಿ, ಕೊನೆಯವನಾಗಿ ಹತ್ತುತ್ತಿದ್ದ.

ಆವತ್ತು ಮಾವನ ಮಗನಿಗೆ ತರೀಕೆರೆಯಲ್ಲಿ ಹೆಣ್ಣು ನೋಡುವ ಕಾರ್ಯಕ್ರಮ. ನನ್ನನ್ನೂ ಕರೆದುಕೊಂಡು ಹೊರಟಿದ್ದರು, ಬೆಸ ಸಂಖ್ಯೆ ಆಗಲಿ ಅಂತ. ಟವೆಲ್ ಬಿತ್ತು, ಕಾಫಿಯೂ ಬಂತು. ಕಂಡಕ್ಟರ್ ಹೊಸಬ, ಮಾವನ ವಾಡಿಕೆ ಗೊತ್ತಿಲ್ಲದವನು. ರೈಟ್ ರೈಟ್ ಅಂದುಬಿಟ್ಟ. ಮಾವ ಲೋಟ ಹಿಡಿದುಕೊಂಡೇ ಹೊರಗೋಡಿ ಬಂದ. ಅವನು ಕೂಗಿದ್ದು ನನಗಿನ್ನೂ ಕಿವಿಯಲ್ಲಿದೆ. ಬಸ್ಸು ಅಂತ ಕೂಗಲಿಲ್ಲ, ನಿಲ್ಸಿ ಅಂತಲೂ ಅಲ್ಲ. “ನನ್ನ ಸೀಟು! ನನ್ನ ಸೀಟು!”

ಎರಡು ಗಂಟೆ ಬಿಟ್ಟು ಇನ್ನೊಂದು ಬಸ್ಸು ಬಂತು. ಎಸೆಯಲು ಟವೆಲ್ ಇರಲಿಲ್ಲ. ತರೀಕೆರೆ ತನಕ ಮೂವರೂ ನಿಂತೇ ಹೋದೆವು. ತಲುಪುವ ಹೊತ್ತಿಗೆ ರಾಹುಕಾಲ ಹಿಡಿದಿತ್ತು, ಹೆಣ್ಣಿನ ಕಡೆಯವರು ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಎತ್ತಿಟ್ಟಿದ್ದರು. ಆ ಸಂಬಂಧ ಕೂಡಿಬರಲಿಲ್ಲ.

ಕಥೆ ಇರುವುದು ಇದರಲ್ಲಲ್ಲ. ಮಾರನೇ ಸಂಜೆ ಅದೇ ಕಂಡಕ್ಟರು ತಿಪಟೂರು ಸ್ಟ್ಯಾಂಡಿನಲ್ಲಿ ಟವೆಲ್ ಹಿಡಿದುಕೊಂಡು ಮಾವನನ್ನು ಹುಡುಕಿದ. “ಸ್ವಾಮಿ, ನಿಮ್ಮ ಟವೆಲ್ಲು ಶಿವಮೊಗ್ಗದ ತನಕ ಕೂತ್ಕೊಂಡೇ ಹೋಯ್ತು” ಅಂದ. ಅರಸೀಕೆರೆಯಲ್ಲಿ ಬಸ್ಸು ತುಂಬಿ ತುಳುಕಿತ್ತಂತೆ. ಸೀಟಿನ ಸುತ್ತ ಜನ ನಿಂತಿದ್ದಾರೆ, ಯಾರೂ ಕೂರಲಿಲ್ಲ. ಟವೆಲ್ಲಿನವನು ಈ ಜನರಲ್ಲೇ ಎಲ್ಲೋ ಇದ್ದಾನೆ, ಈಗ ಬರುತ್ತಾನೆ ಅಂತ ಎಲ್ಲರ ಲೆಕ್ಕ. ಕಡೂರಿನಲ್ಲಿ ಎಳೆಮಗು ಎತ್ತಿಕೊಂಡ ಹೆಂಗಸೊಬ್ಬಳು ಹತ್ತಿದಾಗ ಪಕ್ಕದ ಸೀಟಿನ ಮುದುಕ ಎದ್ದು ತನ್ನ ಜಾಗ ಬಿಟ್ಟುಕೊಟ್ಟನಂತೆ. ಟವೆಲ್ ಏಳಲಿಲ್ಲ. ಬೀರೂರಿನಲ್ಲಿ ಒಬ್ಬ ಪಡ್ಡೆ ಹುಡುಗ ಅದನ್ನು ಎತ್ತಲು ಹೋದಾಗ ಹಿಂದಿನ ಸೀಟಿನವರು, “ಏಯ್, ಹಾಕಿದ್ದಾರೆ ಕಾಣಲ್ವಾ?” ಅಂತ ಗದರಿದರಂತೆ. “ಭದ್ರಾವತಿ ಹೊತ್ತಿಗೆ ನಾನೇ ಟವೆಲ್ಲಿಗೆ ಒಂದು ಟಿಕೆಟ್ ಹರಿಯೋಣ ಅಂತಿದ್ದೆ” ಅಂತ ಕಂಡಕ್ಟರು ಕೈಮುಗಿದ.

ಮಾವ ಸಾಯುವ ತನಕ ಈ ಕಥೆ ಹೇಳಿದ. ಸಂಬಂಧ ತಪ್ಪಿದ್ದು ಕಥೆಯಲ್ಲಿ ಬರುತ್ತಲೇ ಇರಲಿಲ್ಲ. ಅತ್ತೆ ಅಡುಗೆಮನೆಯಿಂದ ಅದನ್ನು ಸೇರಿಸುತ್ತಿದ್ದಳು.

ಈಗ ಟವೆಲ್ ಹಾಕುವುದು ಪತ್ರಿಕೆಗಳ ರಾಜಕೀಯದ ಪುಟದಲ್ಲಿ ಮಾತ್ರ ಉಳಿದಿದೆ. ಮಂತ್ರಿ ಕುರ್ಚಿಗೆ ಇಂಥವರು ಟವೆಲ್ ಹಾಕಿದ್ದಾರೆ ಅಂತ ಬರೆದರೆ ನಾಡಿನ ಮೂಲೆಮೂಲೆಗೂ ಅರ್ಥವಾಗುತ್ತದೆ. ಕುರ್ಚಿಯ ಕಾಟ ಸಾಕಾಗಿಯೇ ಇರಬೇಕು, 1980ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿ ಹೋಟೆಲು ಶುರು ಮಾಡಿದವರು ಕುರ್ಚಿಯನ್ನೇ ತೆಗೆದುಹಾಕಿದರು. ನಿಂತು ತಿನ್ನು, ತಟ್ಟೆ ಇಡು, ನಡಿ. ಆದರೆ ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಕುರ್ಚಿ ಉಂಟು. ಭಾನುವಾರ ಹೋಗಿ ಹೆಸರು ಬರೆಸಿ ಬೀದಿಯಲ್ಲಿ ಕಾದು ಒಳಗೆ ಕೂತು ನೋಡಿ. ಗುರುತು ಪರಿಚಯವಿಲ್ಲದ ಮೂವರ ಜತೆ ಒಂದೇ ಟೇಬಲ್ಲಿನಲ್ಲಿ ದೋಸೆ ತಿನ್ನುತ್ತೇವೆ, ಯಾರೂ ಯಾರನ್ನೂ ನೀವ್ಯಾರು ಅನ್ನುವುದಿಲ್ಲ. ಚಟ್ನಿ ಬೇಕಾ ಅಂತ ಕೇಳುವವರೂ ಇದ್ದಾರೆ. ಅಲ್ಲಿ ಮಾತು ಕಡಿಮೆ. ಯಾರಿಗೂ ಯಾರೂ ಏನನ್ನೂ ತಿಳಿಸಬೇಕಾಗಿಲ್ಲ. ಅದಕ್ಕೇ ಶಾಂತಿ ಇದೆಯೋ ಏನೋ.

ಬೆಂಚಿನ ಕಥೆ ಹಾಗಲ್ಲ. ಅದು ಮಾತಿನ ಜಾಗ. ನಮ್ಮೂರಿನ ಅರಳಿಕಟ್ಟೆಗೆ ಸೋಮಾರಿ ಕಟ್ಟೆ ಅಂತಲೇ ಹೆಸರಿತ್ತು, ಆದರೆ ಅಲ್ಲಿ ಯಾರು ಯಾವ ವಿಷಯದಲ್ಲಿ ಬಾಯಿ ಹಾಕಬಹುದು ಅನ್ನುವುದರಲ್ಲಿ ಸೋಮಾರಿತನ ಇರಲಿಲ್ಲ. ಈ ಬೆಂಚಿನಲ್ಲೂ ಅಷ್ಟೆ. ಮೂರು ವಾರ ದಿನಕ್ಕೆರಡು ಸಲ ಅದರ ಮುಂದೆ ಹಾದುಹೋಗಿ ನಾನು ಗಮನಿಸಿದ್ದಿದು. ಬಡ್ಡಿ, ಪೆನ್ಷನ್ನು ಬ್ಯಾಂಕಿನವರ ಪಾಲಿಗೆ. ಮಂಡಿನೋವಿಗೆ ಏನು ಮಾಡಬೇಕು ಅನ್ನುವುದು ಆಪರೇಷನ್ ಮಾಡಿಸಿಕೊಂಡವರ ಪಾಲಿಗೆ. ಚರಿತ್ರೆ ನೀಲಿ ಸ್ವೆಟರಿನವರ ಜಹಗೀರು. ಆಡಿಟ್ ಇಲಾಖೆಯಲ್ಲಿದ್ದ ಮಂಕಿಕ್ಯಾಪಿನವರು ಎಲ್ಲ ವಿಷಯಗಳಲ್ಲೂ ಆಕ್ಷೇಪಣೆ ಎತ್ತಬಹುದು, ಉತ್ತರ ಕೊಡಬೇಕಾಗಿಲ್ಲ. ಹೊಸಬನಾದವನು ಮೊದಲ ವಾರ ನಮಸ್ಕಾರ ಮಾತ್ರ ಮಾಡಬೇಕು. ಎರಡನೇ ವಾರ ನಿಂತುಕೊಂಡು ನಗಬಹುದು. ತಪ್ಪು ತಿದ್ದುವುದಕ್ಕೆ ಎಷ್ಟು ವರ್ಷ ಬೇಕೋ ಗೊತ್ತಾಗಲಿಲ್ಲ, ಅವರಲ್ಲೇ ಯಾರೂ ಇನ್ನೂ ಆ ಹಂತ ಮುಟ್ಟಿದ ಹಾಗೆ ಕಾಣಲಿಲ್ಲ.

ಮಳೆ ಬಂದರೂ ಪೇಪರು ಇರುತ್ತಿತ್ತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದು. ದಿನಾ ಹೊಸ ಪೇಪರು ಅನ್ನುವುದು ಆಮೇಲೆ ತಿಳಿಯಿತು. ಹೋಗುವಾಗ ಯಾರೋ ಒಬ್ಬರು ಮನೆಗೆ ಒಯ್ಯುತ್ತಿದ್ದರು. ಕಲ್ಯಾಣದ ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳಿಗಾಗಿ ಶೂನ್ಯಸಿಂಹಾಸನ ಕಾದಿತ್ತು ಅನ್ನುತ್ತಾರೆ. ಅದನ್ನು ಒಪ್ಪಬಹುದು, ಬರುವವರು ಅಲ್ಲಮ. ಇಲ್ಲಿ ಬರಬೇಕಾದವರು ಡಲ್ಲಾಸ್‌ನಿಂದ ಬಾದಾಮಿ ಪ್ಯಾಕೆಟ್ ತರುವ ರಾಯರು. ಒಂದು ದಿನ ನನಗೆ ರಾಯರು ಅನ್ನುವವರು ಇದ್ದಾರೋ ಇಲ್ಲವೋ ಅನ್ನುವ ಅನುಮಾನವೂ ಬಂತು. ನಾಲ್ವರಿಗೂ ಕಾಲು ಚಾಚಿ ಕೂರಲು ಜಾಗ ಬೇಕಾಗಿ ಸೇರಿ ಹುಟ್ಟಿಸಿದ ರಾಯರು ಇರಬಹುದು ಅಂತ ಹೆಂಡತಿಗೆ ಹೇಳಿದೆ. ಅವಳು, “ನೀವು ಹೋಗುವುದು ನಡೆಯುವುದಕ್ಕಾ, ಬೇಹುಗಾರಿಕೆಗಾ?” ಅಂದಳು.

ನಿಜವಾಗಿ ಹೊಟ್ಟೆ ಉರಿದದ್ದು ನಾಲ್ಕನೇ ವಾರ. ಫಲಪುಷ್ಪ ಪ್ರದರ್ಶನದ ತಯಾರಿ ನಡೆದಿತ್ತು, ಆಗಸ್ಟ್ 15ರದ್ದು. ಗಾಜಿನಮನೆಯ ಕಡೆಗೆ ಹೂಕುಂಡಗಳ ಗಾಡಿಗಳು ಓಡಾಡುತ್ತಿದ್ದವು. ಬೆಂಚಿನ ಮುಂದೆ ಹಾದುಹೋಗುತ್ತಿದ್ದಾಗ ನೀಲಿ ಸ್ವೆಟರಿನವರು ಯಾರೋ ಇಬ್ಬರು ಹುಡುಗಿಯರಿಗೆ ವಿವರಿಸುತ್ತಿದ್ದರು. “ತುಂಬಾ ಜನ ಟಿಪ್ಪು ಕಟ್ಟಿಸಿದ್ದು ಅಂದ್ಕೊಂಡಿದ್ದಾರೆ. ತಪ್ಪು. 1889ರಲ್ಲಿ ಆಲ್ಬರ್ಟ್ ವಿಕ್ಟರ್ ಅಂತ ರಾಜಕುಮಾರ ಬಂದಿದ್ದ...”

ನಾನು ನಿಂತೆ. ಅವರು ನನ್ನನ್ನು ನೋಡಿದರು. ಗುರುತು ಹಿಡಿದ ಒಂದು ಎಳೆಯೂ ಆ ಮುಖದಲ್ಲಿ ಇರಲಿಲ್ಲ. ಹುಡುಗಿಯರು, “ವಾವ್ ಅಂಕಲ್, ಇದೆಲ್ಲಾ ನಿಮಗೆ ಹೇಗೆ ಗೊತ್ತು?” ಅಂದರು. ಅವರು ಸುಮ್ಮನೆ ನಕ್ಕರು. ಆ ನಗುವನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅಡಿಗಲ್ಲು ಹಾಕಿದವನು ನಾನಲ್ಲ, ಒಪ್ಪಿದೆ. ಆ ಇಸವಿ ನನಗೂ ಎಲ್ಲೋ ಓದಿ ಗೊತ್ತಾದದ್ದೇ. ಆದರೆ ಆ ಬೆಂಚಿಗೆ ಅದನ್ನು ತಂದವನು ಯಾರು? ಒಂಟಿಕಾಲಿನಲ್ಲಿ ನಿಂತು, ಬಿಚ್ಚಿದ ಶೂ ದಾರ ಕೈಯಲ್ಲಿ ಹಿಡಿದು, ಅವಮಾನ ಪಟ್ಟು ತಂದವನು? ಗೇಟಿನ ಹೊರಗೆ ಬೂದುಗುಂಬಳದ ರಸ ಕುಡಿಯುತ್ತಾ ಆ ಅಂಗಡಿಯವನಿಗೂ ಇದನ್ನು ಹೇಳಿದೆ. ಅವನು, “ಉಪ್ಪು ಹಾಕ್ಲಾ ಸಾರ್?” ಅಂದ.

ಇವತ್ತು ಬೆಳಿಗ್ಗೆ ಹಾದುಹೋದಾಗ ಅದೇ ಕಥೆ ಇನ್ಯಾರಿಗೋ ನಡೆಯುತ್ತಿತ್ತು. ಆದರೆ 1889 ಹೋಗಿ 1898 ಆಗಿತ್ತು. ನಾನು ಬಾಯಿ ಮುಚ್ಚಿಕೊಂಡು ಮುಂದೆ ನಡೆದೆ. ಬಂಡೆಯ ಬುಡ ಮುಟ್ಟುವ ತನಕ ತಡೆದುಕೊಂಡೆ. ಆ ರಾಜಕುಮಾರ 1892ರಲ್ಲೇ ಸತ್ತುಹೋದ, 98ರಲ್ಲಿ ಬಂದು ಕಲ್ಲು ಹಾಕುವುದು ಹೇಗೆ? ಮಂಡಿ ನೋಯುತ್ತಿದ್ದರೂ ಬಿರಬಿರನೆ ವಾಪಸು ಬಂದೆ.

ಬೆಂಚಿನಲ್ಲಿ ಯಾರೂ ಇರಲಿಲ್ಲ. ಎದ್ದು ಹೋಗಿದ್ದರು. ಪೇಪರು ಒಯ್ಯುವುದನ್ನು ಮರೆತಿದ್ದರು, ಬಲತುದಿಯಲ್ಲಿ ನಾಲ್ಕಾಗಿ ಮಡಿಸಿದ್ದು ಹಾಗೇ ಇತ್ತು. ಆಚೀಚೆ ನೋಡಿದೆ. ಪೇಪರು ಮುಟ್ಟದೆ, ಅದರಿಂದ ಸ್ವಲ್ಪ ಜರುಗಿ, ಮಂಕಿಕ್ಯಾಪಿನವರ ಜಾಗದಲ್ಲಿ ಕೂತು ಶೂ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡೆ.